ನಾದಿನಿಯ ಯೀಸ್ಟಿಗೆ ನಾನು ಹಾಕಿದ ಸಕ್ಕರೆ

ನನ್ನ ನಾದಿನಿ ಮನುಷ್ಯರಿಗಿಂತ ಹೆಚ್ಚು ಮರ್ಯಾದೆ ಕೊಡುವುದು ಯೀಸ್ಟಿಗೆ! ಹೌದು, ಬ್ರೆಡ್ಡಿಗೆ ಹಾಕುವ ಅದೇ ಯೀಸ್ಟು. ಅವಳನ್ನು ನೋಡಲು ಬಂದ ಹುಡುಗ "ನಿಮ್ಮ ಹವ್ಯಾಸ ಏನು?" ಎಂದದ್ದೇ ತಪ್ಪಾಯಿತು, ಯೀಸ್ಟಿನೊಳಗೆ ಜೀನು ಕೆಲಸ ಶುರು ಮಾಡುವುದು ಹೇಗೆಂದು ಮುಕ್ಕಾಲು ಗಂಟೆ ವಿವರಿಸಿದಳು. ಮೊಬೈಲು ಹಿಡಿದು ಬಾಲ್ಕನಿಗೆ ಹೋದ ಹುಡುಗ ಒಳಗೆ ಬರಲೇ ಇಲ್ಲ. ಅವನಪ್ಪ ಮಾತ್ರ ಕಣ್ಣು ಮಿಟುಕಿಸದೆ ಕೇಳಿದರು. ಅವರದು ಕಲ್ಯಾಣ ಸ್ಟೇಷನ್ ಹತ್ತಿರ ಬೇಕರಿ!

ನಾನು ಮದುವೆಯಾಗಿ ಡೊಂಬಿವಿಲಿಗೆ ಬಂದಾಗ ಅವಳಿಗೆ ಹನ್ನೊಂದು ವರ್ಷ. ತಾಯಿ ತೀರಿಕೊಂಡು ಎರಡೇ ತಿಂಗಳಾಗಿತ್ತು. ಜಡೆ ಹೆಣೆದು, ಡಬ್ಬಿ ಕಟ್ಟಿ ಬೆಳೆಸಿದೆ. ಈಗ ಒಂಬತ್ತು ವರ್ಷದಿಂದ ಅವಳದು ಕಾಲೇಜಿನಲ್ಲಿ ತಾತ್ಕಾಲಿಕ ಪಾಠ, ಪ್ರತಿ ಜೂನ್‌ನಲ್ಲೂ ಹೊಸ ಅರ್ಜಿ. ಕೊನೆಗೂ ನವಿಮುಂಬಯಿಯ ಕಾಲೇಜೊಂದು ಕಾಯಂ ಕೆಲಸಕ್ಕೆ ಕರೆಯಿತು. ಸಮಿತಿಯೆದುರು ಒಂದು ಪಾಠ ಮಾಡಿ ತೋರಿಸಬೇಕು. ನಾನು ಟಿಟ್ವಾಳಾ ಗಣಪತಿಗೆ ಇಪ್ಪತ್ತೊಂದು ಮೋದಕದ ಹರಕೆ ಹೊತ್ತೆ.

ಆ ಬೆಳಿಗ್ಗೆ ಬಾಟಲಿಗೆ ಯೀಸ್ಟು, ನೀರು, ಹಾಲಿನಿಂದ ಬರುವ ಗ್ಯಾಲಕ್ಟೋಸ್ ಎಂಬ ಸಕ್ಕರೆ ಹಾಕಿ, ಬಾಯಿಗೆ ಕೆಂಪು ಬಲೂನು ಸಿಕ್ಕಿಸಿದಳು.

"ಹನ್ನೊಂದು ಗಂಟೆಗೆ ನನ್ನ ಪಾಠ. ಅಲ್ಲಿಯ ತನಕ ಇದು ಉಬ್ಬುವುದಿಲ್ಲ ಅತ್ತಿಗೆ, ಸಮಿತಿಯವರೆದುರೇ ಉಬ್ಬಬೇಕು. ಈ ಸಕ್ಕರೆ ತಿನ್ನಲಿಕ್ಕೆ ಬೇಕಾದ ಜೀನು ಇನ್ನೂ ಮಲಗಿದೆ. ಎಬ್ಬಿಸುವ ಪ್ರೋಟೀನು ಅಲ್ಲೇ ಕೂತುಂಟು, ಆದ್ರೆ ಇನ್ನೊಂದು ಪ್ರೋಟೀನು ಅದನ್ನು ತಡೆದು ಹಿಡಿದಿದೆ."

"ನಮ್ಮ ಭಜನಾ ಮಂಡಳಿಯ ಹಾಗೆ ಹೇಳು! ಹಾರ್ಮೋನಿಯಂನವರು ಕೂತಾಗಿರ್ತದೆ, ಮುಖ್ಯ ಅತಿಥಿ ಬರುವ ತನಕ ಸೆಕ್ರೆಟರಿ ಕೈ ಅಡ್ಡ ಹಿಡಿದಿರ್ತಾರೆ."

"ಅದೇ ಅತ್ತಿಗೆ! ಗ್ಯಾಲಕ್ಟೋಸೇ ಅತಿಥಿ. ಬಂದ ಮೇಲೂ ಶ್ರುತಿ ಹಿಡಿಯಲಿಕ್ಕೆ ಹೊತ್ತು ಬೇಕಲ್ಲ?"

ಅವಳು ಸ್ನಾನಕ್ಕೆ ಹೋದಳು. ನಾನು ಪೂಜೆ ಮುಗಿಸಿದೆ. ಮನೆಯಲ್ಲಿ ಜೀವವಿರುವ ಎಲ್ಲಕ್ಕೂ ಪ್ರಸಾದ ಕೊಡುವುದು ನನ್ನ ಪದ್ಧತಿ. ಕಿಟಕಿಯ ಪಾರಿವಾಳವನ್ನೂ ಬಿಟ್ಟವಳಲ್ಲ. ಯೀಸ್ಟಿಗೂ ಜೀವವುಂಟೆಂದು ಅವಳೇ ಹೇಳಿದ್ದಲ್ಲವೆ? ದೇವರ ಮುಂದಿಟ್ಟ ಸಕ್ಕರೆ ಒಂದು ಚಮಚ ಹಾಕಿ, ಬಲೂನು ಮೊದಲಿನಂತೆ ಸಿಕ್ಕಿಸಿದೆ.

ಜೊತೆಗೆ ನಾನೂ ಹೊರಟೆ, ಬಾಟಲಿ ನನ್ನ ಚೀಲದಲ್ಲಿ. ಲೋಕಲ್ ರೈಲು ಕಳವಾ ತಲುಪುವಾಗ ಚೀಲದಿಂದ ಬಲೂನು ದುಂಡಗೆ ತಲೆ ಎತ್ತಿತು! ಎದುರಿನ ಹೆಂಗಸು ಮರಾಠಿಯಲ್ಲಿ, ಯಾರ ಹುಟ್ಟುಹಬ್ಬವೆಂದು ವಿಚಾರಿಸಿದಳು. ನಾದಿನಿ ಬಾಟಲಿಯನ್ನು ಚೀಲದಿಂದ ಎಳೆದು ತೆಗೆದಳು.

"ಅತ್ತಿಗೆ, ಎಂತ ಹಾಕಿದ್ರಿ ಇದಕ್ಕೆ?"

"ಪ್ರಸಾದ ಮಾರಾಯ್ತಿ. ಒಂದೇ ಚಮಚ ಸಕ್ಕರೆ."

"ಮಾಮೂಲಿ ಸಕ್ಕರೆ ಸಿಕ್ಕಿದ್ರೆ ಆ ಜೀನು ಏಳುವುದೇ ಇಲ್ಲ! ಇನ್ನು ನಾನು ತೋರಿಸುವುದು ಎಂತ?"

ಒಂಬತ್ತು ವರ್ಷದ ಕಾಯುವಿಕೆಯನ್ನು ಒಂದು ಚಮಚದಲ್ಲಿ ಮುಳುಗಿಸಿದೆನಲ್ಲ ದೇವರೇ! ಸಣ್ಣ ದನಿಯಲ್ಲಿ, "ಹೌದಲ್ಲ, ಊಟದ ಎಲೆ ಹಾಕಿದ ಮೇಲೆ ಭಜನೆಗೆ ಯಾರು ಕೂರ್ತಾರೆ?" ಎಂದೆ. ಅವಳು ನನ್ನನ್ನೇ ದಿಟ್ಟಿಸಿದಳು. ಆಮೇಲೆ ಪೆನ್ನು ತೆಗೆದವಳು ಠಾಣೆಯಲ್ಲಿ ಗಾಡಿ ಬದಲಿಸಿದ ಮೇಲೂ ಬರೆಯುತ್ತಲೇ ಇದ್ದಳು.

ಕಾಲೇಜಿನ ಬೆಂಚಿನಲ್ಲಿ ಕೂತು ನಾನು ನೆನೆಯದ ದೇವರಿಲ್ಲ. ಒಳಗಿನಿಂದ ಗೊಳ್ಳೆಂದು ನಗು ಕೇಳಿತು. ಕೆಲಸ ಹೋಯಿತು ಎಂದುಕೊಂಡೆ.

ಅವಳು ಹೊರಗೆ ಬಂದಳು. "ಕಾಯಂ, ಅತ್ತಿಗೆ! ಬಾಟಲಿ ಕೆಟ್ಟದ್ದನ್ನೇ ಪಾಠ ಮಾಡಿದೆ. ಎಲೆ, ಭಜನೆ ಎಲ್ಲ ಸೇರಿಸಿ."

ನಾನು ಕೈಮುಗಿದೆ. ಅವಳು ಮಾತ್ರ ಚಪ್ಪಲಿ ನೋಡುತ್ತ ನಿಂತಿದ್ದಳು.

"ಸಕ್ಕರೆ ಹಾಕಿದ್ದು ಯಾರು ಅಂತ ಕೇಳಿದ್ರು ಅತ್ತಿಗೆ. ಬಾಯಿಗೆ ಬಂದದ್ದು 'ಅಮ್ಮ' ಅಂತ. ಆಮೇಲೆ ತಿದ್ದಲಿಕ್ಕೆ ಹೋಗ್ಲಿಲ್ಲ."