ಜಾತಕದ ಪೆಟ್ಟಿಗೆಯ ಮಾಲಕಿ

ಸರಕಾರಿ ನೌಕರ ಸ್ವಂತ ವ್ಯಾಪಾರ ಮಾಡಬಾರದು ಎಂಬ ನಿಯಮವಿದ್ದರೆ, ಅದಕ್ಕೆ ಹೆಂಡತಿಯ ಹೆಸರು ಎಂಬ ಮದ್ದೂ ಇದೆ. ಕುಮಟೆಯ ಕಚೇರಿಯೊಂದರ ಗುಮಾಸ್ತ ನಾಗಪತಿ ಹೆಗಡೆ ೧೯೮೮ರಲ್ಲಿ ಮನೆಯ ಜಗಲಿಯಲ್ಲೇ ಕಂಪ್ಯೂಟರ್ ಜಾತಕ ಕೇಂದ್ರ ತೆರೆದಾಗ ಯಂತ್ರ, ಪ್ರೋಗ್ರಾಮು, ಅದರ ಲೈಸೆನ್ಸು ಎಲ್ಲವನ್ನೂ ಮಡದಿ ಮಹಾಲಕ್ಷ್ಮಿಯ ಹೆಸರಿಗೆ ಬರೆಸಿದ. (ಆ ಯಂತ್ರದ ಹತ್ತಿರ ಸುಳಿಯಲು ಅವಳಿಗೆ ಅನುಮತಿ ಇದ್ದದ್ದು ಧೂಳು ಒರೆಸುವುದಕ್ಕೆ ಮಾತ್ರ.)

ಒಂದೇ ಮಳೆಗಾಲದ ಉಪ್ಪುಗಾಳಿಗೆ ಯಂತ್ರ ಹಾಸಿಗೆ ಹಿಡಿಯಿತು. ನಾಗಪತಿ ಹುಬ್ಬಳ್ಳಿಯಿಂದ ಇನ್ನೊಂದು ತಂದು, ಹಳೆಯದರ ಹೊಟ್ಟೆ ಬಿಚ್ಚಿ, ಹಾರ್ಡ್ ಡಿಸ್ಕನ್ನು ಹೊಸದರೊಳಗೆ ಕೂರಿಸಿದ.

"ನಿಂಗಕ್ಕೆ ಇದೆಲ್ಲ ಬತ್ತಾ?" ಎಂದಳು ಮಹಾಲಕ್ಷ್ಮಿ.

"ಎಂತ ಇದ್ದು ಇದರಲ್ಲಿ? ಆತ್ಮ ಅದೇಯ, ದೇಹ ಮಾತ್ರ ಬೇರೆ. ನೀ ಒಳಗೆ ಹೋಗು."

ಗುಂಡಿ ಒತ್ತಿದ. ದಿನಾ ಮೂಡುತ್ತಿದ್ದ ಗಣಪತಿಯ ಬದಲು, ಬೇರೆ ಕಂಪ್ಯೂಟರಿನಲ್ಲಿ ನಡೆಯಲು ಈ ಪ್ರೋಗ್ರಾಮಿಗೆ ಪರವಾನಗಿ ಇಲ್ಲವೆಂಬ ಇಂಗ್ಲಿಷ್ ಶಾಸನ ಮೂಡಿತು. ಆತ್ಮ ದೇಹ ಬದಲಿಸಲು ಬೆಂಗಳೂರಿನ ಕಂಪನಿಯ ಅಪ್ಪಣೆ ಬೇಕೆಂದು ಅವನು ಯಾವ ಶಾಸ್ತ್ರದಲ್ಲೂ ಓದಿರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಮಾವಳ್ಳಿಯ ಮಾಬ್ಲೇಶ್ವರ ಭಟ್ಟರು ಬೇರೆ ಬರುವವರಿದ್ದರು. ಮಗಳ ಜಾತಕ ಹೊಂದುತ್ತದೋ ಇಲ್ಲವೋ ನೋಡಿ, ಸಂಜೆಯೊಳಗೆ ಅವರು ಗಂಡಿನ ಮನೆಗೆ ಮಾತು ಕೊಡಬೇಕಿತ್ತು. ಅವರನ್ನು ಬರಿಗೈಯಲ್ಲಿ ಕಳಿಸಿದರೆ ನಾಗಪತಿ ಊರಲ್ಲಿ ತಲೆಯೆತ್ತಿ ತಿರುಗುವಂತಿರಲಿಲ್ಲ.

ಕಂಪನಿಗೆ ಫೋನು ಮಾಡಿದ.

"ಲೈಸೆನ್ಸು ಮಹಾಲಕ್ಷ್ಮೀ ಹೆಗಡೆಯವರದ್ದು. ನೀವು ಯಾರು?" ಎಂದಿತು ಆ ಕಡೆಯ ದನಿ.

"ಅವರ ಗಂಡ."

"ನಮ್ಮ ಪುಸ್ತಕದಲ್ಲಿ ಗಂಡ ಇಲ್ಲ. ಅವರಿಗೇ ಕೊಡಿ."

ಮಹಾಲಕ್ಷ್ಮಿ ಕೈ ಒರೆಸಿಕೊಳ್ಳುತ್ತ ಬಂದು ನಾಲ್ಕು ಸಲ ಹೂಂಗುಟ್ಟಿ, ಕ್ಯಾಲೆಂಡರಿನ ಮೂಲೆಯಲ್ಲಿ ಏನೋ ಬರೆದು, ಆ ಮೂಲೆಯನ್ನು ಹರಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಎಂತ ಅಂದ?"

"ಹೊಸ ನಂಬರ್ ಕೊಟ್ಟ. ಚಾಲು ಮಾಡುವಾಗೆಲ್ಲ ಅದನ್ನ ಒತ್ತಬೇಕಡ. ಲೈಸೆನ್ಸ್ ಇದ್ದವರನ್ನ ಬಿಟ್ಟು ಯಾರಿಗೂ ಹೇಳಲಾಗ ಅಂದ."

"ನಾನು ಗಂಡ ಅಲ್ದನೇ?"

"ಅದನ್ನೂ ಕೇಳಿದೆ. ಗಂಡಂಗೂ ಹೇಳಲಾಗ ಅಂದ."

ಅಷ್ಟರಲ್ಲಿ ಭಟ್ಟರ ಕೊಡೆ ಗೇಟಿನಲ್ಲಿ ಕಂಡಿತು. ನಾಗಪತಿ ಕುರ್ಚಿ ಬಿಟ್ಟೆದ್ದ.

"ಒತ್ತಿ ಕೊಡೇ ಮಾರಾಯ್ತಿ."

"ಕೊಡ್ತೆ. ಆದ್ರೆ ಒಳಗೆ ಅಡುಗೆ ಅರ್ಧ ಇದ್ದು. ಕಾಯಿ ಯಾರು ತುರಿಯದು?"

ಭಟ್ಟರು ಜಗಲಿ ಹತ್ತುವಾಗ ಮಹಾಲಕ್ಷ್ಮಿ ಯಂತ್ರದ ಮುಂದೆ ಕುಳಿತು, ಸೆರಗು ಅಡ್ಡ ಹಿಡಿದು ನಂಬರ್ ಒತ್ತುತ್ತಿದ್ದಳು. (ಧೂಳು ಒರೆಸುತ್ತ ಒರೆಸುತ್ತ ಅವಳು ಉಳಿದದ್ದನ್ನೂ ನೋಡಿಟ್ಟುಕೊಂಡಿದ್ದು ಗಂಡನಿಗೆ ತಿಳಿದೇ ಇರಲಿಲ್ಲ.)

"ನಾಗಪತಿ ಇಲ್ಯನೇ?"

"ಇದ್ರು, ಒಳಗೆ ಕೆಲಸದ ಮೇಲೆ ಇದ್ರು. ನಿಂಗ ಕೂತ್ಕಳಿ, ಹುಡುಗಿ ನಕ್ಷತ್ರ ಹೇಳಿ."

ಜಾತಕ ಹೊಂದಿತು, ಮದುವೆಯೂ ಆಯಿತು. ಅಂದಿನಿಂದ ದಿನಾ ಬೆಳಿಗ್ಗೆ ನಾಗಪತಿ ಒಂದು ಕಡಿ ಕಾಯಿ ತುರಿದು ಮುಗಿಸುವ ತನಕ ಕುಮಟೆಯಲ್ಲಿ ಯಾರ ಗ್ರಹವೂ ಅಲುಗಾಡುವುದಿಲ್ಲ.