ಗುಂಡ್ಯಾನ ಧಾರವಾಡ ಯಾತ್ರೆ

ಗದಗ ಜಿಲ್ಲೆಯಾದ ವರ್ಷ ನಾನೊಂದು ಭೀಷ್ಮಪ್ರತಿಜ್ಞೆ ಮಾಡಿದೆ: ಇನ್ನು ಧಾರವಾಡದ ಕಡೆ ತಲೆ ಹಾಕಿ ಕೂಡ ಮಲಗುವುದಿಲ್ಲ! ಅಲ್ಲಿಯವರೆಗೆ ನಾವು ಧಾರವಾಡ ಜಿಲ್ಲೆಯವರು. ಒಂದು ಸಹಿ ಬೇಕೆಂದರೂ ಅಲ್ಲಿಗೇ ಓಡಬೇಕಿತ್ತು. ಈಗ ನಮ್ಮ ಗದಗ-ಬೆಟಗೇರಿಯ ಓಣಿಗಳಲ್ಲಿ ನಾನು ಜಿಲ್ಲೆಯನ್ನು ಸ್ವತಃ ಹೆತ್ತವನಂತೆ ಎದೆಯುಬ್ಬಿಸಿ ತಿರುಗುತ್ತಿದ್ದೆ. ಎಂಥ ಚೆಂದದ ದಿನಗಳು ಅವು!

ನನ್ನ ಹೆಂಡತಿ ಗುರುಸಿದ್ದವ್ವನ ಜೊತೆ ಹಮ್ಮಿಗಿಯ ತವರಿನಿಂದ ಬುಟ್ಟಿಯಲ್ಲಿ ಬಂದ ಗಂಡುಬೆಕ್ಕು ಗುಂಡ್ಯಾ. ಮನೆಯಲ್ಲಿ ಹಾಲಿನ ಕೆನೆ ಅದಕ್ಕೆ, ನೀರುಮಜ್ಜಿಗೆ ನನಗೆ! ಒಂದು ಮುಂಜಾನೆ ಅದು ಹಿತ್ತಲಿನ ಬೂದಿಯಲ್ಲಿ ಕೂತು ತಿಣುಕತೊಡಗಿತು. ಏಳುವುದು, ಮತ್ತೆ ಕೂರುವುದು, ಒರಲುವುದು.

"ಏನ್ರೀ, ಇದಕ್ಕೇನಾಗೇತಿ ನೋಡ್ರಿ!"

"ಹೊಟ್ಟಿ ಕಟ್ಟೇತಿ. ಔಡಲೆಣ್ಣಿ ತಾ!"

ವೈದ್ಯಶಿಖಾಮಣಿಯಾಗಿ ಕುಡಿಸಿಯೇಬಿಟ್ಟೆ. ಎಣ್ಣೆ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿತು, ಅದೂ ನನ್ನ ಇಸ್ತ್ರಿ ಮಾಡಿದ ಧೋತರದ ಮೇಲೆ! ಆದರೆ ಗುಂಡ್ಯಾ ತಿಣುಕುವುದು ನಿಲ್ಲಲಿಲ್ಲ. ಮಧ್ಯಾಹ್ನಕ್ಕೆ ಹಾಲನ್ನೂ ಮೂಸಲಿಲ್ಲ.

ಬುಟ್ಟಿಯಲ್ಲಿ ಒಯ್ದಾಗ ಊರಿನ ದನದ ಡಾಕ್ಟರು ಅದರ ಹೊಟ್ಟೆ ಮುಟ್ಟಿ ನೋಡಿ ಮುಖ ಗಂಟು ಹಾಕಿದರು. "ಕಟ್ಟಿದ್ದು ಹೊಟ್ಟಿ ಅಲ್ರಿ, ಉಚ್ಚಿ! ಹರಳು ಸಿಕ್ಕೊಂಡಾವ. ತಡಾ ಮಾಡಿದ್ರ ಜೀವಾನ ಹೋಗತೈತಿ. ಬೆಕ್ಕಿಗೆ ಹಾಕುವಷ್ಟು ಸಣ್ಣ ಪೈಪ ನನ್ನ ಕಡೆ ಇಲ್ಲ. ಜಲ್ದಿ ಧಾರವಾಡಕ್ಕ ಒಯ್ರಿ."

"ಧಾರವಾಡಕ್ಕ? ನಮ್ಮದೂ ಜಿಲ್ಲಾ ಆಗೇತಲ್ರಿ!"

"ಆಗೇತ್ರಿ. ಹರಳಿಗೆ ಇನ್ನೂ ಖಬರ ಮುಟ್ಟಿಲ್ಲ."

ಅಷ್ಟರಲ್ಲಾಗಲೇ ಗುರುಸಿದ್ದವ್ವ ಬುಟ್ಟಿ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದಳು. ಹಿಂದೆಯೇ ಓಡಿದೆ. ಬಸ್ಸಿನಲ್ಲಿ ಅವಳು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಒಂದು ಕೈ ಬುಟ್ಟಿಯೊಳಗೆ, ಇನ್ನೊಂದರಲ್ಲಿ ಕಣ್ಣೊರೆಸುವ ಸೆರಗು. ಗುಂಡ್ಯಾ ಈಗಿಲ್ಲ. ಆದರೂ ಆ ದಾರಿಯನ್ನು ನಾನಿನ್ನೂ ಮರೆತಿಲ್ಲ.

ಧಾರವಾಡದ ಡಾಕ್ಟರು ಗುಂಡ್ಯಾನಿಗೆ ಮಂಪರಿನ ಸೂಜಿ ಚುಚ್ಚಿ, ನೂಲಿನೆಳೆಯಷ್ಟು ಸಣ್ಣ ಪೈಪು ಕೈಗೆತ್ತಿಕೊಂಡರು. "ಗದಗಿನವರಾ? ಹಂಗಾದ್ರ ನಮ್ಮ ಜಿಲ್ಲಾದವ್ರ ಬಿಡ್ರಿ!"

ನನ್ನ ರಕ್ತ ಕುದಿಯಿತು! ತಿದ್ದಿ ಹೇಳಲು ಬಾಯಿ ತೆರೆದೆ. ಹೆಂಡತಿ ತೋಳು ಚಿವುಟಿದಳು.

"ಸುಮ್ಮನಿರ್ರಿ! ಬೆಕ್ಕು ಉಚ್ಚಿ ಹೊಯ್ಯೋತನಕ ನಾವು ಧಾರವಾಡ ಜಿಲ್ಲಾದವ್ರ!"

ಪೈಪು ಒಳಗೆ ಹೋದ ಕೂಡಲೇ ಹರಳು ಸರಿಯಿತು. ಧಾರೆ ಚಿಮ್ಮಿ ನೇರ ನನ್ನ ಅಂಗಿಯ ಮೇಲೆ! ಗುರುಸಿದ್ದವ್ವ ಅಳುತ್ತಲೇ ನಕ್ಕಳು.

"ಹಾಂ, ಈಗ ಹೇಳ್ರಿ ನಿಮ್ಮ ಜಿಲ್ಲಾ ಯಾವುದಂತ!"

ಹೇಳುವುದೇನು? ನಾನಾಗಲೇ ಧಾರವಾಡದ ಡಾಕ್ಟರ ಕಾಲು ಹಿಡಿದಿದ್ದೆ.