ತಲೆಕೆಳಗಾದ ನೀರಿನ ಟಾಕಿ

ಹಪ್ಪಳ ಒಣಹಾಕಲು ಬಿಲ್ಡಿಂಗಿನ ಮೇಲಿನ ಗಚ್ಚಿಗೆ ಬಂದ ಗಂಗೂಬಾಯಿ ಅಲ್ಲಿ ನಿಲ್ಲಿಸಿದ್ದ ದುರ್ಬೀನಿಗೆ ಕಣ್ಣು ಹಚ್ಚಿದ್ದೇ ಎಲ್ಲಕ್ಕೂ ಮೂಲವಾಯಿತು.

"ಅಯ್ಯಯ್ಯ! ಎದುರಿನ ನೀರಿನ ಟಾಕಿ ತಲಿ ಕೆಳಗಾಗಿ ನಿಂತದಲ್ರೀ! ಅದರ ಮ್ಯಾಲಿನ ಕಾಗಿ ಬಾವಲಿಗತೆ ಜೋತಾಡ್ಲಿಕ್ಕತ್ತದ!"

ಮಧ್ವೇಶ ಒರೆಸುವ ಬಟ್ಟೆಯನ್ನು ಕೆಳಗಿಟ್ಟ. ನೂರು ವರ್ಷ ಹಳೆಯ ಆ ಹಿತ್ತಾಳೆ ದುರ್ಬೀನಿಗಾಗಿ ಅವನು ಮೂರು ತಿಂಗಳು ಜೀವ ತೇದಿದ್ದ. ಮಸೂರದ ಬೂಷ್ಟು ತೆಗೆದಿದ್ದ, ಕೊಳವೆಯ ತಗ್ಗುಗಳನ್ನು ಒಳಗಿನಿಂದ ತಟ್ಟಿ ಎಬ್ಬಿಸಿದ್ದ, ಸವೆದ ಹಲ್ಲಿನ ಚಕ್ರವನ್ನು ಅರದಿಂದ ಉಜ್ಜಿ ಕೂಡಿಸಿದ್ದ. ಅದನ್ನು ಕೊಂಡು ದುರಸ್ತಿಗೆ ಕೊಟ್ಟಿದ್ದ, ಹೋಟೆಲ್ ನಡೆಸುವ ಪಂಕಜಾಕ್ಷಿಯವರು ನಾಲ್ಕು ಗಂಟೆಗೆ ಬರುವವರಿದ್ದರು. ಕೆಲಸ ಮನಸ್ಸಿಗೆ ಬಂದರೆ ಕೊಳವೆಯ ಮೇಲೆ ಅವನ ಹೆಸರು ಕೆತ್ತಿಸುವುದಾಗಿ ಮಾತು ಕೊಟ್ಟಿದ್ದರು. ರಾಂಜಣಗಾಂವದ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಮಸೂರ ತಪಾಸಣೆ ಮಾಡಿ ನಿವೃತ್ತನಾದವನು ಮಧ್ವೇಶ. ಅಲ್ಲಿ ಅವನ ಗುರುತೆಂದರೆ ರಟ್ಟಿನ ಡಬ್ಬಿಯ ಮೇಲೆ ಒತ್ತಿದ ಒಂದು ಶಿಕ್ಕೆ: ನಂಬರ್ ಹದಿನೇಳು.

"ಆಕಾಶ ನೋಡೋ ದುರ್ಬೀನು ಉಲ್ಟಾನ ತೋರಸ್ತದ್ರೀ ಬಾಯಿ. ಚಂದ್ರಗ ತಲಿ ಯಾವುದು, ಕಾಲು ಯಾವುದು?"

"ಚಂದ್ರಂದು ಬಿಡಪಾ. ಟಾಕಿಗೆ ತಲಿ ಅದ ಅಲ್ಲೇನು!"

ಅರ್ಧ ತಾಸಿನಲ್ಲಿ ಇಡೀ ಬಿಲ್ಡಿಂಗು ಗಚ್ಚಿಯ ಮೇಲೆ ಸಾಲುಗಟ್ಟಿತ್ತು. ಎಲ್ಲರಿಗಿಂತ ಮುಂದೆ ಕೆಳಮನೆಯ ಅವಧೂತ. ಸದಾಶಿವ ಪೇಠದ ಕೋಚಿಂಗ್ ಕ್ಲಾಸೊಂದರಲ್ಲಿ ಹದಿನೈದು ವರ್ಷ ಗಂಟೆ ಬಾರಿಸಿ, ಬಾಗಿಲಾಚೆಯಿಂದ ಕಿವಿಗೆ ಬಿದ್ದ ಪಾಠಗಳ ಬಲದ ಮೇಲೆ ತಾನೂ ಪ್ರೊಫೆಸರನೆಂದೇ ತಿಳಿದಿದ್ದ.

"ಮಸೂರದ ಕಾಚು ತಿರುವಿ ಹಾಕೀಯೋ ಮಧ್ವೇಶಾ. ಕಣ್ಣಿಗೆ ಚಾಳೀಸು ಉಲ್ಟಾ ಹಾಕ್ಕೊಂಡ್ರ ಹಿಂಗ ಆಗ್ತದ."

"ಚಾಳೀಸು ಉಲ್ಟಾ ಹಾಕ್ಕೊಂಡ್ರ ಟಾಕಿ ತಿರಗತದೇನೋ? ಹಾಕ್ಕೊಂಡು ನೋಡು!"

ಅವಧೂತ ಹಾಕಿಕೊಂಡು ನೋಡಿದ. ಎರಡು ಹೆಜ್ಜೆಗೆ ಅವನ ಕಾಲಡಿ ಗಂಗೂಬಾಯಿಯ ಹಪ್ಪಳಗಳು ಹುಡಿಯಾದವು. ಅದರ ಬೈಗಳೂ ಮಧ್ವೇಶನಿಗೇ ಬಿದ್ದವು.

"ಆ ಬಾಯಿ ದೊಡ್ಡ ಹೋಟೆಲ್ ನಡಸಾಕಿ," ಎಂದಳು ಗಂಗೂಬಾಯಿ. "ಆಕಿಗೆ ಬೋರಲು ಬಿದ್ದ ಟಾಕಿ ತೋರಸ್ತೀಯೇನು? ನಿನ್ನ ಹೆಸರು ಕೆತ್ತಸ್ತಾಳ, ಕೆತ್ತಸ್ತಾಳ!"

ಮಧ್ವೇಶನಿಗೆ ಮೈ ಉರಿಯಿತು. ಚಿತ್ರ ಬರೆದು ತೋರಿಸಿದ, ಬೆಳಕಿನ ಗೆರೆ ಎಳೆದ. ಯಾರೂ ಕಾಗದದತ್ತ ತಿರುಗಲಿಲ್ಲ. ಎಲ್ಲರೂ ಅವನನ್ನು ಜ್ವರದವನಂತೆ ನೋಡಿದರು. ಮೂರು ಗಂಟೆಯ ಹೊತ್ತಿಗೆ ಅವನ ಸಿಟ್ಟಿನ ಅಡಿಯಲ್ಲಿ ಅಳುಕೊಂದು ಬಂದು ಕೂತಿತ್ತು. ಇಡ್ಲಿ ಬೇಯಿಸುವವರಿಗೆ ಈ ಶಾಸ್ತ್ರವನ್ನೆಲ್ಲ ತಿಳಿಸುವುದು ಹೇಗೆ? ಕೆಳಗೆ ಹೋಗಿ, ಮೊದಲ ಪಗಾರದಲ್ಲಿ ಕೊಂಡಿದ್ದ ತನ್ನ ಬೈನಾಕ್ಯುಲರನ್ನು ಬಿಚ್ಚಿ, ಚಿತ್ರವನ್ನು ನೆಟ್ಟಗೆ ಮಾಡುವ ಅದರ ಪ್ರಿಜಮ್ಮುಗಳನ್ನು ಕಿತ್ತು ತಂದು ದುರ್ಬೀನಿಗೆ ಕೂಡಿಸಿದ. ಟಾಕಿ ನೆಟ್ಟಗೆ ನಿಂತಿತು. ಗಚ್ಚಿಯೆಲ್ಲ ಚಪ್ಪಾಳೆ.

"ಬೆಳಿಗ್ಗೆನ ನನ್ನ ಮಾತು ಕೇಳಿದ್ರ ಇಷ್ಟು ತ್ರಾಸ ಇರ್ತಿದ್ದಿಲ್ಲ," ಎಂದ ಅವಧೂತ.

ನಾಲ್ಕಕ್ಕೆ ಸರಿಯಾಗಿ ಬಂದ ಪಂಕಜಾಕ್ಷಿಯವರು ಕಣ್ಣು ಹಚ್ಚಿದರು.

"ಎಂತ ಇದು ಮಾರಾಯ್ರೆ? ನೇರ ಕಾಣ್ತದಲ್ಲ!"

"ಹೌದ್ರಿ ಮೇಡಂ!" ಮಧ್ವೇಶ ಬೀಗಿದ.

"ಇದು ಉಲ್ಟಾ ಕಾಣ್ಬೇಕು. ಹೋಟೆಲಿಗೆ ಕೂರುವ ಮೊದಲು ನಾನು ಕಾಲೇಜಲ್ಲಿ ಭೌತಶಾಸ್ತ್ರ ಕಲಿಸಿದವಳು. ಒಳಗೆ ಎಂತ ತುರುಕಿದ್ದೀರಿ?"

ಮಧ್ವೇಶ ನೆರೆಯವರತ್ತ ತಿರುಗಿದ. ಎಲ್ಲರೂ ಹಪ್ಪಳದ ಚೂರು ಆರಿಸುವುದರಲ್ಲಿ ಮಗ್ನರಾಗಿದ್ದರು.

"ಬೆಳಿಗ್ಗೆ ಉಲ್ಟಾನ ಇತ್ರಿ," ಎಂದಳು ಗಂಗೂಬಾಯಿ. "ಬೇಕಾದ್ರ ಅವಧೂತನ್ನ ಕೇಳ್ರಿ."

"ಹೌದ್ರಿ ಮೇಡಂ. ಇದು ಉಲ್ಟಾ ತೋರಸ್ತದ ಅಂತ ಹತ್ತು ಗಂಟೆಕ್ಕನ ಹೇಳೀನಿ. ಇಂವ ನನ್ನ ಕೂಡ ಜಗಳಕ್ಕ ನಿಂತ."

ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ.

"ನಿಮಗಾದರೂ ಗೊತ್ತಿತ್ತಲ್ಲ!" ಅವಧೂತನನ್ನು ನೋಡಿ ಪಂಕಜಾಕ್ಷಿಯವರ ಮುಖ ಅರಳಿತು. "ನಮ್ಮ ತಾರಸಿಯಲ್ಲಿ ದಿನಾ ಸಂಜೆ ಜನರಿಗೆ ಆಕಾಶ ತೋರಿಸ್ಲಿಕ್ಕೆ ಒಬ್ಬರು ಬೇಕು. ನೀವು ಬನ್ನಿ. ಕೊಳವೆ ಮೇಲೆ ನಿಮ್ಮ ಹೆಸರೇ ಇರಲಿ." ಮಧ್ವೇಶನತ್ತ ತಿರುಗಿ ಮೆಲ್ಲಗೆ ಅಂದರು: "ನೀವು ಒಳಗೆ ತುರುಕಿದ್ದನ್ನು ತೆಗೆದುಕೊಡಿ."

ಮಧ್ವೇಶ ಬೆಳಕಿನ ಗೆರೆ ಎಳೆದಿದ್ದ ತನ್ನ ಕಾಗದ ಹುಡುಕಿದ; ಅದರ ಮೇಲೆ ನೆರೆಯವರು ಹಪ್ಪಳದ ಚೂರು ಗುಡ್ಡೆ ಹಾಕಿದ್ದರು. ಅವನು ಪ್ರಿಜಮ್ಮು ಬಿಚ್ಚಿಕೊಟ್ಟ. ಟಾಕಿ ಮತ್ತೆ ತಲೆಕೆಳಗಾಯಿತು.

ದುರ್ಬೀನನ್ನು ಎದೆಗಪ್ಪಿಕೊಂಡು ಬಾಸಿಂಗದ ಮದುಮಗನಂತೆ ಇಳಿದ ಅವಧೂತ, ಅರ್ಧ ಮೆಟ್ಟಿಲಿನಿಂದ ತಿರುಗಿ ಬಂದು ಅವನ ಕಿವಿಯಲ್ಲಿ ಪಿಸುಗುಟ್ಟಿದ.

"ಮಧ್ವೇಶಾ, ಒಂದ ಮಾತು ಹೇಳೋ. ಈ ಚಂದ್ರ ದಿನಾ ಬರ್ತಾನೋ, ನಮ್ಮ ಕ್ಲಾಸಿನಂಗ ಗುರುವಾರ ರಜಾ ಇರ್ತದೋ?"